ಗರ್ಭಿಣಿ ಈ ಮಾತ್ರೆ ನುಂಗಬಹುದೇ? ಅಧ್ಯಯನದ ಸುದ್ದಿಯನ್ನು ಓದುವ ಕ್ರಮ

ಡೋಲೊ ತಗೋಬಹುದಾ? ವಾಂತಿ ಮಾತ್ರೆ ನುಂಗಿದರೆ ಮಗುವಿಗೆ ಸೀಳುತುಟಿ ಬರುತ್ತದಂತೆ, ಹೌದಾ? ಡಾಕ್ಟರು ಎಕೋಸ್ಪ್ರಿನ್ ಬರೆದಿದ್ದಾರೆ, ಅದು ಹಾರ್ಟಿನ ಮಾತ್ರೆ ಅಲ್ಲವಾ? ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳು ಇವು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ ಡೋಲೊದೊಳಗಿರುವ ಪ್ಯಾರಸಿಟಮಾಲ್‌ಗೂ ಆಟಿಸಂಗೂ ನಂಟಿದೆ ಎಂಬಂತೆ ಮಾತಾಡಿದ ಮೇಲೆ ಮೊದಲನೇ ಪ್ರಶ್ನೆ ಇನ್ನೂ ಹೆಚ್ಚಾಗಿದೆ.

ಒಂದೊಂದು ಮಾತ್ರೆಗೂ ಹೌದು ಅಥವಾ ಇಲ್ಲ ಎಂದು ಬರೆದು ಮುಗಿಸಬಹುದಿತ್ತು. ಆದರೆ ಮುಂದಿನ ತಿಂಗಳು ವಾಟ್ಸಾಪಿನಲ್ಲಿ ಇನ್ನೊಂದು ಸುದ್ದಿ ಬರುತ್ತದೆ, ಆಗ ಅದೇ ಗಾಬರಿ. ಅದಕ್ಕೇ ಅಂಥ ಸುದ್ದಿಯ ಹಿಂದಿರುವ ಅಧ್ಯಯನವನ್ನು ನೀವೇ ಓದಿ ತೂಗುವ ಕ್ರಮವನ್ನು ಇಲ್ಲಿ ಕೊಟ್ಟಿದ್ದೇವೆ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಮಾತ್ರೆಯೊಂದನ್ನೇ ಹಿಡಿದುಕೊಂಡು ಸುರಕ್ಷಿತವೋ ಅಲ್ಲವೋ ಎಂದರೆ ಉತ್ತರ ಸಿಗುವುದಿಲ್ಲ. ಯಾವ ವಾರ, ಎಷ್ಟು ಡೋಸ್, ಆ ಮಾತ್ರೆ ಬಿಟ್ಟರೆ ರೋಗ ಏನು ಮಾಡುತ್ತದೆ, ಇವು ಸೇರಿದರೆ ಮಾತ್ರ ಪ್ರಶ್ನೆ ಪೂರ್ತಿಯಾಗುತ್ತದೆ.

ಶುರು ಮಾಡುವ ಮುನ್ನ

ಮಾತ್ರೆಯ ಸ್ಟ್ರಿಪ್, ತಾಯಿ ಕಾರ್ಡ್, ಮೊದಲ ಸ್ಕ್ಯಾನಿಂಗ್ ರಿಪೋರ್ಟ್, ಬರೆದುಕೊಳ್ಳಲು ಒಂದು ಪುಸ್ತಕ. ಇಷ್ಟು ಎದುರಿಗಿರಲಿ.

ಎಚ್ಚರಿಕೆ: ಸುದ್ದಿ ಓದಿದ ಭಯದಲ್ಲಿ ಮೂರ್ಛೆರೋಗ, ಥೈರಾಯ್ಡ್, ಬಿಪಿ, ಸಕ್ಕರೆ ಕಾಯಿಲೆ, ಆಸ್ತಮಾ ಅಥವಾ ಖಿನ್ನತೆಯ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂರ್ಛೆರೋಗದ ಮಾತ್ರೆ ಥಟ್ಟನೆ ಬಿಟ್ಟರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಇನ್ನು ರಕ್ತಸ್ರಾವ, ಕಣ್ಣು ಮಂಜಾಗುವಷ್ಟು ತಲೆನೋವು, ಫಿಟ್ಸ್, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಓದುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ.

ಹಂತ 1: ಮಾತ್ರೆಯ ಒಳಗೇನಿದೆ ನೋಡಿ

ಡೋಲೊ, ಕ್ರೋಸಿನ್, ಕ್ಯಾಲ್ಪಾಲ್ ಎಲ್ಲವೂ ಕಂಪನಿ ಇಟ್ಟ ಹೆಸರುಗಳು. ಅಧ್ಯಯನಗಳು ನಡೆಯುವುದು ಒಳಗಿರುವ ಔಷಧದ ಮೇಲೆ. ಸ್ಟ್ರಿಪ್ಪಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇರುವ ಮೂಲ ಹೆಸರನ್ನೂ ಎಷ್ಟು ಮಿಲಿಗ್ರಾಂ ಎಂಬುದನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ.

ಹೆಚ್ಚಿನವರು ಎಡವುವುದು ಮಿಶ್ರ ಮಾತ್ರೆಗಳಲ್ಲಿ. ಮೈಕೈ ನೋವಿಗೆಂದು ಮೆಡಿಕಲ್ ಶಾಪಿನವರು ಕೊಡುವ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಜೊತೆ ಅಸೆಕ್ಲೊಫೆನಾಕ್ ಇರುವುದುಂಟು. ಅಸೆಕ್ಲೊಫೆನಾಕ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಒಂದೇ ಗುಂಪಿನ ನೋವುನಿವಾರಕಗಳು. 20 ವಾರ ದಾಟಿದ ಮೇಲೆ ಇವು ಮಗುವಿನ ಮೂತ್ರಪಿಂಡದ ಕೆಲಸವನ್ನು ತಗ್ಗಿಸಿ ಗರ್ಭದ ನೀರು ಕಡಿಮೆ ಮಾಡಬಲ್ಲವು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ. ಪ್ಯಾರಸಿಟಮಾಲ್ ಅಧ್ಯಯನ ಓದಿ ಸಮಾಧಾನಪಟ್ಟುಕೊಂಡು ಈ ಮಿಶ್ರ ಮಾತ್ರೆ ನುಂಗಿದರೆ ಆ ಓದು ಉಪಯೋಗಕ್ಕೆ ಬರಲಿಲ್ಲ ಎಂದೇ ಅರ್ಥ. ನೆಗಡಿ ಮಾತ್ರೆಯಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ಜೊತೆಗೆ ಡೋಲೊ 650 ಕೂಡ ತೆಗೆದುಕೊಂಡರೆ ಡೋಸ್ ಇಮ್ಮಡಿಯಾಗಿ ಪೆಟ್ಟು ಲಿವರಿಗೆ ಬೀಳುತ್ತದೆ.

ಹಂತ 2: ವಾರ ಲೆಕ್ಕ ಹಾಕಿ

ವೈದ್ಯರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ಕಟ್ಟುವುದು ಅದಾಗಿ ಸುಮಾರು ಎರಡು ವಾರಕ್ಕೆ. ಕೆಲವು ಅಧ್ಯಯನಗಳು ಗರ್ಭ ಕಟ್ಟಿದ ದಿನದಿಂದ ಎಣಿಸುತ್ತವೆ. ಅವು 4ನೇ ವಾರ ಎಂದರೆ ನಿಮ್ಮ ತಾಯಿ ಕಾರ್ಡಿನಲ್ಲಿ ಅದು 6ನೇ ವಾರ. ಈ ಎರಡು ವಾರದ ವ್ಯತ್ಯಾಸ ಗಮನಿಸದೆ ಓದಿದರೆ ಎಲ್ಲ ತಲೆಕೆಳಗಾಗುತ್ತದೆ.

ತಾಯಿ ಕಾರ್ಡಿನ ಲೆಕ್ಕದಲ್ಲಿ ಸುಮಾರು 5ರಿಂದ 10ನೇ ವಾರದೊಳಗೆ ಮಗುವಿನ ಅಂಗಾಂಗಗಳ ಬುನಾದಿ ಬೀಳುತ್ತದೆ. ಮೆದುಳು ಬೆನ್ನುಹುರಿಯಾಗುವ ನರಕೊಳವೆ 6ನೇ ವಾರದ ಹೊತ್ತಿಗೇ ಮುಚ್ಚಿಕೊಳ್ಳುತ್ತದೆ. ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ ಶುರು ಮಾಡಿ ಎನ್ನುವುದು ಇದೇ ಕಾರಣಕ್ಕೆ. ಮೊದಲು ನರಕೊಳವೆಯ ದೋಷವಿದ್ದ ಮಗು ಹೆತ್ತಿದ್ದ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟು ನಡೆಸಿದ, 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗಿತ್ತು. 6ನೇ ವಾರಕ್ಕೆ ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿ ಎಂಬುದೇ ಖಾತ್ರಿಯಾಗಿರುವುದಿಲ್ಲ.

ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಎಂಬ ಪದ್ಧತಿ ನಮ್ಮಲ್ಲಿದೆ. ನೆಂಟರಿಗೆ ಹೇಳದಿದ್ದರೆ ತೊಂದರೆಯಿಲ್ಲ. ಹಲ್ಲಿನ ಡಾಕ್ಟರಿಗೆ, ಚರ್ಮದ ಡಾಕ್ಟರಿಗೆ, ಎಕ್ಸ್‌ರೇ ತೆಗೆಯುವವರಿಗೆ, ಮೆಡಿಕಲ್ ಶಾಪಿನವರಿಗೆ ಮಾತ್ರ ಮುಚ್ಚಿಡಬೇಡಿ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಭ್ರೂಣಕ್ಕೆ ತೀವ್ರ ಹಾನಿ ಮಾಡುವ ಔಷಧ. ಯಾರಿಗೂ ಹೇಳದ ಆ ಮೂರು ತಿಂಗಳಲ್ಲೇ ಅದರ ಅಪಾಯ ಹೆಚ್ಚು.

ಹಂತ 3: ಅಧ್ಯಯನ ಯಾವ ಬಗೆಯದು?

ಸುದ್ದಿಯಲ್ಲಿ ಸಂಶೋಧನೆ ಎಂದಷ್ಟೇ ಇರುತ್ತದೆ. ನೀವು ಹುಡುಕಬೇಕಾದದ್ದು ಇಷ್ಟು: ಇಲಿಗಳ ಮೇಲಾ, ಬೆರಳೆಣಿಕೆಯ ರೋಗಿಗಳ ವರದಿಯಾ, ಸಾವಿರಾರು ಗರ್ಭಿಣಿಯರ ದಾಖಲೆ ಜಾಲಾಡಿದ್ದಾ, ಅಥವಾ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ ಔಷಧ ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟಿದ್ದಾ?

ಕೊನೆಯದಕ್ಕೆ ರ‍್ಯಾಂಡಮೈಸ್ಡ್ ಟ್ರಯಲ್ ಎನ್ನುತ್ತಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೂ ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ. ಹಾಗಾಗಿ ಎರಡೂ ಗುಂಪಿನ ವಯಸ್ಸು, ಕಾಯಿಲೆ, ಬಡತನ ಹೆಚ್ಚುಕಡಿಮೆ ಸಮವಾಗಿರುತ್ತವೆ. ಕೊನೆಯಲ್ಲಿ ವ್ಯತ್ಯಾಸ ಕಂಡರೆ ಅದು ಔಷಧದ್ದು ಎಂದು ನಂಬಲು ಆಧಾರ ಸಿಗುತ್ತದೆ. ಹುಸಿ ಮಾತ್ರೆ ಎಂದರೆ ನೋಡಲು ಹಾಗೆಯೇ ಇದ್ದು ಒಳಗೆ ಔಷಧವಿಲ್ಲದ್ದು.

ಎಕೋಸ್ಪ್ರಿನ್ ಪ್ರಶ್ನೆಗೆ ಉತ್ತರ ಇಂಥ ಟ್ರಯಲ್‌ಗಳಲ್ಲೇ ಇದೆ. ಅದರೊಳಗಿರುವುದು ಕಡಿಮೆ ಡೋಸಿನ ಆಸ್ಪಿರಿನ್. ಬಿಪಿ ಏರಿ ಗರ್ಭಕ್ಕೆ ತೊಂದರೆಯಾಗುವ ಸ್ಥಿತಿಗೆ ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಅದರ ಅಪಾಯ ಹೆಚ್ಚಿದ್ದ ಗರ್ಭಿಣಿಯರಿಗೆ 11ರಿಂದ 14ನೇ ವಾರದೊಳಗೆ ಶುರು ಮಾಡಿ 36ನೇ ವಾರದವರೆಗೆ ರಾತ್ರಿ ಹೊತ್ತು 150 ಮಿಲಿಗ್ರಾಂ ಕೊಟ್ಟ 2017ರ ಯುರೋಪಿನ ಟ್ರಯಲ್‌ನಲ್ಲಿ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರಿ-ಎಕ್ಲಾಂಪ್ಸಿಯಾ ಶೇ 4.3ರಿಂದ ಶೇ 1.6ಕ್ಕೆ ಇಳಿಯಿತು. ಚೊಚ್ಚಲ ಬಸುರಿಯರಿಗೆ 81 ಮಿಲಿಗ್ರಾಂ ಕೊಟ್ಟ 2020ರ ಟ್ರಯಲ್‌ನಲ್ಲಿ ಭಾರತವೂ ಸೇರಿ ಆರು ದೇಶಗಳ ಸುಮಾರು 12,000 ಹೆಂಗಸರಿದ್ದರು. ದಿನ ತುಂಬದ ಹೆರಿಗೆ ಶೇ 13.1ರಿಂದ ಶೇ 11.6ಕ್ಕೆ ಇಳಿಯಿತು. ಡಾಕ್ಟರು ಬರೆದಿದ್ದರೆ ಹೀಗೆ ಕಾರಣ ಇದ್ದೇ ಬರೆದಿರುತ್ತಾರೆ. ಪಕ್ಕದ ಮನೆಯವರ ಮಾತು ಕೇಳಿ ಬಿಡಬೇಡಿ. ಹಾಗೆಯೇ ನಿಮಗೆ ಬರೆಯದಿದ್ದರೆ ಅವರ ಸ್ಟ್ರಿಪ್ಪಿನಿಂದ ತೆಗೆದುಕೊಳ್ಳಲೂ ಬೇಡಿ.

ಆದರೆ ಹೆಚ್ಚಿನ ಔಷಧಗಳಿಗೆ ಗರ್ಭಿಣಿಯರಲ್ಲಿ ಇಂಥ ಟ್ರಯಲ್ ನಡೆದೇ ಇಲ್ಲ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ 1961ರಲ್ಲಿ ಹಿಂತೆಗೆಯುವಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಕೈಕಾಲು ಮತ್ತಿತರ ಅಂಗಗಳನ್ನು ಊನಗೊಳಿಸಿತ್ತು. ಆಮೇಲೆ ಗರ್ಭಿಣಿಯರನ್ನು ಸಂಶೋಧನೆಯಿಂದ ದೂರ ಇಡುವುದೇ ರೂಢಿಯಾಯಿತು. ಹಾಗಾಗಿ ಸುರಕ್ಷತೆಯ ಬಗ್ಗೆ ನಮಗೆ ಸಿಗುವ ಬಹುಪಾಲು ಮಾಹಿತಿ ಆಸ್ಪತ್ರೆ, ವಿಮೆ, ಜನನ ನೋಂದಣಿಗಳ ದಾಖಲೆಗಳಿಂದ ಬಂದದ್ದು. ಅದನ್ನು ತಳ್ಳಿಹಾಕುವಂತಿಲ್ಲ, ಆದರೆ ಮುಂದಿನ ಹಂತದ ಜರಡಿಯಲ್ಲಿ ಹಿಡಿಯಲೇಬೇಕು.

ಹಂತ 4: ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ?

ಈ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮಾತ್ರೆ ನುಂಗಿದವರು ಸುಮ್ಮಸುಮ್ಮನೆ ನುಂಗಿರುವುದಿಲ್ಲ. ಜ್ವರ, ನೋವು, ಸೋಂಕು ಏನೋ ಒಂದು ಇರುತ್ತದೆ. ಆರೋಗ್ಯವಾಗಿದ್ದವರ ಜೊತೆ ಅವರನ್ನು ಹೋಲಿಸಿದರೆ ರೋಗದ ತಪ್ಪು ಮಾತ್ರೆಯ ತಲೆಗೆ ಬರುತ್ತದೆ.

ಪ್ಯಾರಸಿಟಮಾಲ್ ವಿಷಯವನ್ನೇ ತೆಗೆದುಕೊಳ್ಳಿ. 2024ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ 1995ರಿಂದ 2019ರವರೆಗೆ ಹುಟ್ಟಿದ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ನೋಡಿತು. ಮೇಲ್ನೋಟಕ್ಕೆ, ಹತ್ತು ವರ್ಷದ ಹೊತ್ತಿಗೆ ಆಟಿಸಂ ಗುರುತಿಸಿದ ಪ್ರಮಾಣ ಪ್ಯಾರಸಿಟಮಾಲ್ ತೆಗೆದುಕೊಳ್ಳದ ತಾಯಂದಿರ ಮಕ್ಕಳಲ್ಲಿ ಶೇ 1.33, ತೆಗೆದುಕೊಂಡವರಲ್ಲಿ ಶೇ 1.53. ಸುದ್ದಿ ಮಾಡಲು ಇಷ್ಟು ಸಾಕು. ಸಂಶೋಧಕರು ಇಲ್ಲಿಗೆ ನಿಲ್ಲಿಸಲಿಲ್ಲ. ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದರು: ಒಂದು ಬಸಿರಿನಲ್ಲಿ ಮಾತ್ರೆ ತೆಗೆದುಕೊಂಡು ಇನ್ನೊಂದರಲ್ಲಿ ತೆಗೆದುಕೊಳ್ಳದ ತಾಯಿ. ಹೆತ್ತವರು ಅವರೇ, ಮನೆ ಅದೇ, ವಂಶವಾಹಿ ಬಹುಪಾಲು ಅದೇ. ಹಾಗೆ ನೋಡಿದಾಗ ವ್ಯತ್ಯಾಸ ಮಾಯವಾಯಿತು. ಅಪಾಯದ ಅನುಪಾತ 0.98ಕ್ಕೆ ಬಂತು. 1 ಎಂದರೆ ಎರಡೂ ಕಡೆ ಸಮ. ಅಂದರೆ ಮೊದಲು ಕಂಡದ್ದು ಮಾತ್ರೆಯ ಪರಿಣಾಮ ಎನ್ನಲು ಆಧಾರ ಉಳಿಯಲಿಲ್ಲ.

ಇನ್ನೊಂದು ಕಡೆ, ಮೊದಲ ತಿಂಗಳುಗಳಲ್ಲಿ ಜೋರು ಜ್ವರವನ್ನು ಹಾಗೇ ಬಿಟ್ಟರೆ ನರಕೊಳವೆಯ ದೋಷದ ಅಪಾಯ ಏರುತ್ತದೆ. ಮಾತ್ರೆ ಬಿಟ್ಟು ಜ್ವರ ಸಹಿಸಿಕೊಳ್ಳುವುದು ಮಗುವಿಗೆ ಮಾಡುವ ಉಪಕಾರವಲ್ಲ. ಬೇಕಾದಾಗ, ವೈದ್ಯರು ಹೇಳಿದ ಡೋಸಿನಲ್ಲಿ, ಬೇಕಾದಷ್ಟೇ ದಿನ ತೆಗೆದುಕೊಳ್ಳಿ. ಎರಡು ದಿನಕ್ಕೂ ಜ್ವರ ಇಳಿಯದಿದ್ದರೆ ಮಾತ್ರೆ ಮುಂದುವರಿಸುವ ಬದಲು ರಕ್ತ ಪರೀಕ್ಷೆಗೆ ಹೋಗಿ.

ಹಂತ 5: ಎಷ್ಟು ಪಟ್ಟು ಎಂಬುದನ್ನು ಎಷ್ಟು ಮಂದಿ ಎಂದು ಬದಲಿಸಿ

ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್ ಬಗ್ಗೆ 2018ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಸುಮಾರು 18 ಲಕ್ಷ ಗರ್ಭಧಾರಣೆಗಳ ದಾಖಲೆ. ಮೊದಲ ಮೂರು ತಿಂಗಳಲ್ಲಿ ಈ ಮಾತ್ರೆ ತೆಗೆದುಕೊಂಡವರ ಮಕ್ಕಳಲ್ಲಿ ಸೀಳುತುಟಿ ಅಥವಾ ಸೀಳಂಗುಳದ ಅಪಾಯ ಶೇ 24 ಹೆಚ್ಚು ಎಂದು ಅದು ಹೇಳಿತು. ಕೇಳಿದ ಕೂಡಲೇ ನೂರರಲ್ಲಿ 24 ಮಕ್ಕಳಿಗೆ ಎಂದು ಕಿವಿಗೆ ಬೀಳುತ್ತದೆ. ಹಾಗಲ್ಲ. ಮಾತ್ರೆ ತೆಗೆದುಕೊಳ್ಳದವರಲ್ಲಿ 10,000 ಮಕ್ಕಳಿಗೆ 11 ಇದ್ದದ್ದು ತೆಗೆದುಕೊಂಡವರಲ್ಲಿ 14 ಆಯಿತು. ಹತ್ತು ಸಾವಿರಕ್ಕೆ ಸುಮಾರು ಮೂರು ಮಕ್ಕಳು ಜಾಸ್ತಿ. ಹೃದಯದ ದೋಷದಲ್ಲಿ ಏರಿಕೆ ಕಾಣಲಿಲ್ಲ. ನೀರೂ ನಿಲ್ಲದೆ ವಾಂತಿಯಾಗಿ ಡ್ರಿಪ್ ಹಾಕುವ ಸ್ಥಿತಿಯಲ್ಲಿರುವ ಗರ್ಭಿಣಿಗೆ ಆ ಮೂರಕ್ಕಿಂತ ವಾಂತಿಯ ಅಪಾಯವೇ ದೊಡ್ಡದಿರಬಹುದು. ಬೆಳಿಗ್ಗೆ ಒಂದು ಸಲ ವಾಕರಿಕೆ ಬಂದು ಹೋಗುವವರಿಗೆ ಆ ಮಾತ್ರೆ ಬೇಡದೆಯೂ ಇರಬಹುದು. ಅಂಕಿ ಒಂದೇ, ತೀರ್ಮಾನ ಬೇರೆ ಬೇರೆ.

ಈಗ ವಾಲ್‌ಪ್ರೊಯೇಟ್ ನೋಡಿ. ಮೂರ್ಛೆರೋಗದ ಔಷಧ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ 2ರಿಂದ 3ಕ್ಕೆ ಕಾಣುವ ದೊಡ್ಡ ಅಂಗದೋಷ, ಇದನ್ನು ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಸುಮಾರು 10ರಲ್ಲಿ ಕಾಣುತ್ತದೆ. ನೂರಕ್ಕೆ 30ರಿಂದ 40 ಮಕ್ಕಳಲ್ಲಿ ಮಾತು, ಕಲಿಕೆ, ಬೆಳವಣಿಗೆಯ ತೊಡಕು ಕಾಣಬಹುದು. ಇದು ನಿಜಕ್ಕೂ ದೊಡ್ಡ ಅಪಾಯ. ಮದುವೆ ನಿಶ್ಚಯವಾದಾಗಲೇ, ಗರ್ಭಕ್ಕೆ ಮೊದಲೇ, ನರರೋಗ ತಜ್ಞರ ಜೊತೆ ಕೂತು ಬೇರೆ ಔಷಧಕ್ಕೆ ಬದಲಿಸಬೇಕಾದಂಥದ್ದು.

ಅನುಪಾತದ ಪಕ್ಕದಲ್ಲಿ ಕಂಸದಲ್ಲಿ ಎರಡು ಅಂಕಿ ಇರುತ್ತವೆ. ಒಂಡಾನ್‌ಸೆಟ್ರಾನ್‌ಗೆ ಅನುಪಾತ 1.24, ಅಂದರೆ ಶೇ 24 ಹೆಚ್ಚು; ಕಂಸದಲ್ಲಿರುವುದು 1.03ರಿಂದ 1.48. ನಿಜವಾದ ಅನುಪಾತ ಬಹುಶಃ ಈ ಎರಡರ ನಡುವೆ ಎಲ್ಲೋ ಇದೆ ಎಂದರ್ಥ. ಆ ಹರವಿನೊಳಗೆ 1 ಸೇರಿದ್ದರೆ ವ್ಯತ್ಯಾಸ ಇಲ್ಲದಿರುವ ಸಾಧ್ಯತೆಯೂ ಉಳಿಯುತ್ತದೆ. ಹರವು ತೀರಾ ಅಗಲವಾಗಿದ್ದರೆ ಅಧ್ಯಯನ ಚಿಕ್ಕದು, ಗಟ್ಟಿಯಾಗಿ ಏನನ್ನೂ ಹೇಳಲಾರದು.

ಹಂತ 6: ಏನನ್ನು ಅಳೆದರು, ಹೇಗೆ ಅಳೆದರು?

ಹೆರಿಗೆಯ ನಂತರದ ಅತಿ ರಕ್ತಸ್ರಾವ ಎಂದರೆ ಸಾಮಾನ್ಯವಾಗಿ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು. ಅಷ್ಟು ಹೋಯಿತೆಂದು ತಿಳಿಯುವುದು ಹೇಗೆ? ಬಟ್ಟೆ ನೆನೆದದ್ದು ನೋಡಿ ಕಣ್ಣಂದಾಜು ಮಾಡುವುದು ಹಳೆಯ ರೂಢಿ. ಬೆಳಗಾವಿಯ ಸಂಶೋಧಕರು ಬಳಸಿದ ಸಾಧನ ತೀರಾ ಸರಳ: ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ. ಅದರ ತುದಿ ಆಲಿಕೆಯಂತೆ ಚೀಲವಾಗಿ ಇಳಿಬಿದ್ದಿರುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳು. ಬಿದ್ದ ರಕ್ತವೆಲ್ಲ ಅಲ್ಲಿಗೇ ಇಳಿಯುತ್ತದೆ, ಗೆರೆ ನೋಡಿ ಹೇಳಬಹುದು. ಇದರ ಜೊತೆ ಹೋಲಿಸಿದಾಗ ಕಣ್ಣಂದಾಜು ಸುಮಾರು ಶೇ 33 ಕಡಿಮೆ ತೋರಿಸುತ್ತಿತ್ತು.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಇದೇ ಹಾಳೆ ಬಳಸಿದರು. ಹೆರಿಗೆ ಮಾಡಿಸಿದ್ದು ಎಎನ್‌ಎಂ ಸಿಸ್ಟರ್‌ಗಳು. ಮಗು ಹುಟ್ಟಿದ ಕೂಡಲೇ ಗರ್ಭಕೋಶವನ್ನು ಬಿಗಿಗೊಳಿಸುವ ಮಿಸೊಪ್ರೊಸ್ಟಾಲ್ ಎಂಬ ಔಷಧವನ್ನು 600 ಮೈಕ್ರೊಗ್ರಾಂ ನುಂಗಿಸಿದ ಗುಂಪಿನಲ್ಲಿ ಅತಿ ರಕ್ತಸ್ರಾವ ಶೇ 6.4, ಹುಸಿ ಮಾತ್ರೆಯ ಗುಂಪಿನಲ್ಲಿ ಶೇ 12. ಚಳಿನಡುಕ, ಜ್ವರ ಔಷಧದ ಗುಂಪಿನಲ್ಲಿ ಹೆಚ್ಚಿತ್ತು. ಕಣ್ಣಂದಾಜನ್ನು ನಂಬಿದ್ದರೆ ಈ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೇ ಎಂಬುದು ಅನುಮಾನ. ಇದೇ ಮಿಸೊಪ್ರೊಸ್ಟಾಲ್ ಗರ್ಭದ ನಡುವೆ ಬಿದ್ದರೆ ಗರ್ಭಪಾತಕ್ಕೆ ಕಾರಣವಾಗುತ್ತದೆ. ಹಂತ 2ರ ಮಹತ್ವ ಇಲ್ಲಿ ಗೊತ್ತಾಗುತ್ತದೆ.

ತಾಯಿಗೆ ಸಿಕ್ಕ ಲಾಭ ಮಗುವಿಗೂ ಸಿಕ್ಕಿತು ಎಂದು ಊಹಿಸಬೇಡಿ. ಏಳು ದೇಶಗಳ 29,000ಕ್ಕೂ ಹೆಚ್ಚು ಹೆಂಗಸರಿಗೆ ಹೆರಿಗೆ ನೋವಿನಲ್ಲಿ ಒಂದೇ ಸಲ 2 ಗ್ರಾಂ ಅಜಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಅಥವಾ ಹುಸಿ ಮಾತ್ರೆ ಕೊಟ್ಟ 2023ರ ಟ್ರಯಲ್‌ನಲ್ಲಿ ತಾಯಿಗೆ ನಂಜೇರುವುದು ಅಥವಾ ಸಾವು ಶೇ 2.4ರಿಂದ ಶೇ 1.6ಕ್ಕೆ ಇಳಿಯಿತು. ಮಕ್ಕಳ ಸಾವು ಅಥವಾ ನಂಜಿನಲ್ಲಿ ವ್ಯತ್ಯಾಸವಾಗಲಿಲ್ಲ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ.

ಹಂತ 7: ಎಂಥ ಆಸ್ಪತ್ರೆಯಲ್ಲಿ ನಡೆದದ್ದು?

ದಿನ ತುಂಬುವ ಮೊದಲೇ ಹೆರಿಗೆಯಾಗುವ ಲಕ್ಷಣವಿದ್ದರೆ ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಪ್ರಕಟಿಸಿದ ಟ್ರಯಲ್‌ನಿಂದ ಈ ಚಿಕಿತ್ಸೆಗೆ ಬಲ ಬಂತು. ಪ್ರಶ್ನೆ ಉಳಿದದ್ದು ಇದು: ಹಳ್ಳಿಯ ಉಪಕೇಂದ್ರದಲ್ಲೂ ಕೊಡಬಹುದೇ?

2015ರಲ್ಲಿ ಬಂದ ಒಂದು ದೊಡ್ಡ ಟ್ರಯಲ್ ಇದನ್ನೇ ಪರೀಕ್ಷಿಸಿತು. ಆರು ದೇಶ, ಸುಮಾರು ಒಂದು ಲಕ್ಷ ಹೆರಿಗೆ. ಭಾರತದಿಂದ ಬೆಳಗಾವಿ, ನಾಗಪುರ. ಎಲ್ಲರೂ ಲಾಭವನ್ನೇ ನಿರೀಕ್ಷಿಸಿದ್ದರು. ಹುಟ್ಟುವಾಗ ತೀರಾ ಕಡಿಮೆ ತೂಕವಿದ್ದ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಒಟ್ಟಾರೆ ನವಜಾತ ಶಿಶುಗಳ ಸಾವು ಎಂದಿನ ಆರೈಕೆಯೇ ಇದ್ದ ಪ್ರದೇಶಗಳಲ್ಲಿ ಸಾವಿರಕ್ಕೆ 23.9, ಸ್ಟಿರಾಯ್ಡ್ ಬಳಕೆ ಶುರು ಮಾಡಿಸಿದ ಪ್ರದೇಶಗಳಲ್ಲಿ 27.4. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು. ಸ್ಕ್ಯಾನಿಂಗ್ ಇಲ್ಲದ ಕಡೆ ಮುಟ್ಟಿನ ತಾರೀಖು ಅಥವಾ ಹೊಟ್ಟೆಯ ಮೇಲೆ ಟೇಪು ಹಿಡಿದ ಅಳತೆಯಿಂದ ವಾರ ಊಹಿಸಬೇಕಿತ್ತು. ದಿನ ತುಂಬಿ ಹೆರುವ ಎಷ್ಟೋ ಹೆಂಗಸರಿಗೂ ಇಂಜೆಕ್ಷನ್ ಬಿತ್ತು.

ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ 29 ಆಸ್ಪತ್ರೆಗಳಲ್ಲಿ ಇನ್ನೊಂದು ಟ್ರಯಲ್ ನಡೆಸಿತು. ಬೆಳಗಾವಿ ಅದರಲ್ಲೂ ಇತ್ತು. ಔಷಧ ಅದೇ, ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್. ಈ ಸಲ ಸ್ಕ್ಯಾನಿಂಗಿನಿಂದ ವಾರ ಖಚಿತಪಡಿಸಿಕೊಂಡು, 26ರಿಂದ 34 ವಾರದೊಳಗೆ ಹೆರಿಗೆ ಸನ್ನಿಹಿತವಾದವರಿಗೆ ಮಾತ್ರ, ಹಸುಗೂಸನ್ನು ನೋಡಿಕೊಳ್ಳುವ ವ್ಯವಸ್ಥೆ ಇದ್ದ ಕಡೆ ಮಾತ್ರ ಕೊಟ್ಟರು. 2020ರಲ್ಲಿ ಫಲಿತಾಂಶ ಬಂತು: ನವಜಾತ ಶಿಶುಗಳ ಸಾವು ಶೇ 23.5ರಿಂದ ಶೇ 19.6ಕ್ಕೆ ಇಳಿದಿತ್ತು. ಲಾಭ ಸ್ಪಷ್ಟವಾಗಿದ್ದರಿಂದ ಟ್ರಯಲ್ಲನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಹಾಗಾಗಿ ಓದುವಾಗ ಕೇಳಿಕೊಳ್ಳಿ: ಅಲ್ಲಿ ಇದ್ದ ಸ್ಕ್ಯಾನಿಂಗ್, ಎನ್‌ಐಸಿಯು, ಅಂದರೆ ಹಸುಗೂಸುಗಳ ತುರ್ತು ಘಟಕ, ನನ್ನ ಹೆರಿಗೆ ಆಗುವ ಆಸ್ಪತ್ರೆಯಲ್ಲಿ ಇದೆಯೇ? ಮೊದಲ ಸ್ಕ್ಯಾನಿಂಗ್ ರಿಪೋರ್ಟನ್ನು ಜೋಪಾನ ಮಾಡಿ, ತವರಿಗೆ ಹೋಗುವಾಗಲೂ ತಪ್ಪದೆ ಒಯ್ಯಿರಿ. ತಡವಾಗಿ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ವಾರದ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ.

ಹಂತ 8: ಪುಸ್ತಕ ಹಿಡಿದು ಡಾಕ್ಟರ ಬಳಿ ಹೋಗಿ

ಓಪಿಡಿಯಲ್ಲಿ ಸಿಗುವುದು ನಾಲ್ಕೈದು ನಿಮಿಷ. ಫೋನ್ ತೋರಿಸಿ, ಇದು ನಿಜವಾ ಡಾಕ್ಟ್ರೇ ಎಂದರೆ ಅಷ್ಟರಲ್ಲೇ ಸಮಯ ಮುಗಿಯುತ್ತದೆ. ಹೀಗೆ ಕೇಳಿ:

- ನನಗೀಗ ಇಷ್ಟನೇ ವಾರ. ಈ ಔಷಧ ಯಾವ ತೊಂದರೆಗೆ ಬರೆದಿದ್ದೀರಿ?
- ಇದನ್ನು ಬಿಟ್ಟರೆ ನನಗೂ ಮಗುವಿಗೂ ಏನಾಗಬಹುದು?
- ಇದಕ್ಕಿಂತ ಹೆಚ್ಚು ಕಾಲದಿಂದ ಗರ್ಭಿಣಿಯರಲ್ಲಿ ಬಳಸಿ ನೋಡಿದ ಬೇರೆ ಔಷಧ ಇದೆಯೇ?
- ಎಷ್ಟು ದಿನ, ಯಾವಾಗ ನಿಲ್ಲಿಸಬೇಕು?

ನಿಮ್ಮನ್ನೇ ಒಂದು ಟ್ರಯಲ್‌ಗೆ ಸೇರಲು ಕೇಳಿದರೆ ಅದು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ನೋಂದಣಿಯಾಗಿದೆಯೇ ಕೇಳಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಪಡೆದು ಮನೆಗೆ ತಂದು ಓದಿ. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಚಿಕಿತ್ಸೆಗೆ ತೊಂದರೆಯಾಗುವುದಿಲ್ಲ ಎಂಬ ಮಾತು ಅದರಲ್ಲಿ ಇರಲೇಬೇಕು. ಹೊಸ ಔಷಧಗಳ ಟ್ರಯಲ್‌ಗೆ ಅನ್ವಯಿಸುವ 2019ರ ನಿಯಮಗಳ ಪ್ರಕಾರ ತಾಯಿ ಪಾಲ್ಗೊಂಡಿದ್ದರಿಂದ ಗರ್ಭದಲ್ಲಿರುವ ಮಗುವಿಗೆ ಹಾನಿಯಾದರೂ ಪರಿಹಾರಕ್ಕೆ ಅವಕಾಶವಿದೆ.

ಯಾವುದೇ ಔಷಧದಿಂದ ತೊಂದರೆಯಾಯಿತು ಎನಿಸಿದರೆ ಡಾಕ್ಟರಿಗೆ ತಿಳಿಸಿ, ಸ್ಟ್ರಿಪ್ ಎಸೆಯಬೇಡಿ. ಔಷಧದ ಹೆಸರು, ಬ್ಯಾಚ್ ನಂಬರ್, ನುಂಗಿದ ದಿನ, ಆಗಿನ ಗರ್ಭದ ವಾರ ಬರೆದಿಟ್ಟು ಕೇಂದ್ರ ಸರ್ಕಾರದ ಔಷಧ ಅಡ್ಡಪರಿಣಾಮ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ವರದಿ ಮಾಡಿ. ರೋಗಿಯೇ ನೇರವಾಗಿ ಹೇಳಬಹುದು, ಡಾಕ್ಟರ ಚೀಟಿ ಬೇಕಿಲ್ಲ.